‘ಅದು ಬಿಡಿ’ ಅಂದಿರಲ್ಲ, ಅದನ್ನೇ ಬಿಡಬೇಡಿ

ಪ್ರಶ್ನೆ: ನನಗೆ 79 ವರ್ಷ. ರೈಲ್ವೆಯಲ್ಲಿ ಇದ್ದವನು. ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆ. ಹೆಂಡತಿ ತೀರಿಕೊಂಡು ಐದು ವರ್ಷ ಆಯಿತು. ಮನೆ ತುಂಬ ಸಂಗೀತವೇ ಇದೆ. ಎಲ್‌ಪಿ 220, ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ 78ರ ಪ್ಲೇಟು 90, ಕ್ಯಾಸೆಟ್ 400. ಕ್ಯಾಸೆಟ್‌ಗಳಲ್ಲಿ ಒಂದು 60 ನಾನೇ ಮಾಟುಂಗಾದ ಹಾಲ್‌ಗಳಲ್ಲಿ ಕೂತು ರೆಕಾರ್ಡ್ ಮಾಡಿಕೊಂಡ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ), ಅದು ಬಿಡಿ. ಈಗ ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗಿದೆ. ಮಳೆಗಾಲಕ್ಕೆ ಮೊದಲು ಖಾಲಿ ಮಾಡಬೇಕು. ಮಗ ನ್ಯೂಜೆರ್ಸಿಯಲ್ಲಿ. ಠಾಣೆಯಲ್ಲಿರುವ ಮಗಳು, ‘ಎಲ್ಲಾ ಯೂಟ್ಯೂಬಲ್ಲಿದೆ ಅಪ್ಪಾ, ಕೊಟ್ಟುಬಿಡು’ ಅಂತಾಳೆ. ಯಾವುದಾದರೂ ಸಂಸ್ಥೆಗೆ ಒಟ್ಟಿಗೆ ದಾನ ಮಾಡಿಬಿಡಲೇ? ಯೋಚನೆಯಲ್ಲಿ ನಿದ್ದೆ ಬರುತ್ತಿಲ್ಲ.

— ಹಳೇ ಕೇಳುಗ, ಡೊಂಬಿವಲಿ

ಉತ್ತರ: ಮಗಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವಳು ಹೇಳಿದ್ದು ಮುಕ್ಕಾಲು ಪಾಲು ಸರಿ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್, ಕುಮಾರ ಗಂಧರ್ವ, ಇವರ ಎಲ್‌ಪಿಗಳನ್ನು ಕಂಪನಿಯವರು ರಾಶಿ ರಾಶಿ ಒತ್ತಿ ಮಾರಿದ್ದಾರೆ. ನಿಮ್ಮ ಹತ್ತಿರ ಇರುವುದು ನನ್ನ ಹತ್ತಿರವೂ ಇದೆ, ಪುಣೆಯಲ್ಲಿ ಇನ್ನೂ ನೂರು ಮನೆಗಳಲ್ಲಿ ಇರುತ್ತದೆ. ಆ ಹಾಡು ಎಲ್ಲಿಗೂ ಹೋಗುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ‘ಅದು ಬಿಡಿ’ ಅಂತ ಒಂದು ಮಾತಿದೆಯಲ್ಲ, ಅದನ್ನು ನಾನು ಬಿಡುವುದಿಲ್ಲ. ಆ 60 ಕ್ಯಾಸೆಟ್ಟೇ ನಿಮ್ಮ ಸಂಗ್ರಹ. ಉಳಿದದ್ದು ಸಾಮಾನು.

ಯಾಕೆ ಅಂತೀರಾ? ತಾಳಮದ್ದಲೆಗೆ ಬರೆದಿಟ್ಟ ಮಾತಿಲ್ಲ. ಪದ್ಯ ಮಾತ್ರ ಪುಸ್ತಕದಲ್ಲಿ ಇರುತ್ತದೆ, ಅರ್ಥ, ಅಂದರೆ ಪಾತ್ರಗಳ ಮಾತು, ಆ ರಾತ್ರಿ ಹುಟ್ಟಬೇಕು. ಇವತ್ತಿನ ವಾಲಿ ರಾಮನಿಗೆ ಕೇಳಿದ ಪ್ರಶ್ನೆಯನ್ನು ನಾಳೆಯ ವಾಲಿ ಕೇಳುವುದಿಲ್ಲ. ಊರಲ್ಲಿ ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ಮುಂಬೈಗೆ ಬರುತ್ತಿದ್ದ ದಿನಗಳು ನಿಮಗೆ ನೆನಪಿರಬೇಕು. ಹೊರಗೆ ಜೋರು ಮಳೆ, ಒಳಗೆ ಚೆಂಡೆ, ಒದ್ದೆ ಕೊಡೆಗಳ ವಾಸನೆ. ಅಂಥ ಒಂದು ರಾತ್ರಿ ಇಬ್ಬರು ಅರ್ಥಧಾರಿಗಳು ಒಬ್ಬರನ್ನೊಬ್ಬರು ಹೇಗೆ ಕಟ್ಟಿಹಾಕಿದರು ಅನ್ನುವುದಕ್ಕೆ ಬಹುಶಃ ನಿಮ್ಮ ಕ್ಯಾಸೆಟ್ ಒಂದೇ ಸಾಕ್ಷಿ. ಅದನ್ನು ಯಾವ ಕಂಪನಿಯೂ ಒತ್ತಿಲ್ಲ. ಅದು ಹಾಳಾದರೆ ಯೂಟ್ಯೂಬಲ್ಲಿ ಎಲ್ಲಿ ಹುಡುಕುತ್ತೀರಿ?

ಹಾಗಾಗಿ ‘ಯಾರಿಗೆ ಕೊಡಲಿ’ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಆಚೆ ಇಡಿ. ಮೊದಲು ಆ 60 ಕ್ಯಾಸೆಟ್ ಬೇರೆ ಮಾಡಿ. ಪ್ರತಿ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆ ಇರುತ್ತದೆ. ಎರಡನ್ನೂ ಮುರಿದುಬಿಡಿ. ಆಮೇಲೆ ಯಾರು ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ. (ನಮ್ಮ ಮನೆಯಲ್ಲಿ ಒಂದು ‘ಕರ್ಣಪರ್ವ’ದ ನಡುವೆ ನನ್ನ ಅಕ್ಕನ ಮಗ ಬಾಯಿಪಾಠ ಒಪ್ಪಿಸುತ್ತಾನೆ. ಕರ್ಣ ರಥದಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಹದಿಮೂರರ ಮಗ್ಗಿ.)

ಟೇಪಿನ ಅಂಚಿನಲ್ಲಿ ಬಿಳೀ ಪುಡಿಯ ಹಾಗೆ ಕಂಡರೆ ಅದು ಬೂಷ್ಟು. ಮುಂಬೈ ಹವೆಯಲ್ಲಿ ಇದು ಮಾಮೂಲು. ಅಂಥದ್ದನ್ನು ಹಾಕಲೇಬೇಡಿ. ಟೇಪ್‌ರೆಕಾರ್ಡರಿಗೂ ಹತ್ತುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬೇರೆ ಚೀಲದಲ್ಲಿಟ್ಟು ತಿಳಿದವರ ಕೈಗೆ ಕೊಡಿ. ಉಳಿದದ್ದನ್ನು ಒಮ್ಮೆ ಕೊನೆತನಕ ಮುಂದಕ್ಕೆ, ಮತ್ತೆ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಅಂಟಿಕೊಂಡು ಕೂತ ಟೇಪು ಸಡಿಲವಾಗಲಿ. ಆಮೇಲೆ ಕಂಪ್ಯೂಟರಿಗೆ ಇಳಿಸಬೇಕು. ಇದಕ್ಕೆ ಅಡ್ಡದಾರಿ ಇಲ್ಲ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. 60 ಕ್ಯಾಸೆಟ್ ಅಂದರೆ 90 ಗಂಟೆ. ದಿನಕ್ಕೆ ಎರಡು ಗಂಟೆ ಕೂತರೆ ಒಂದೂವರೆ ತಿಂಗಳು. ನಾಲ್ಕುನೂರನ್ನೂ ಇಳಿಸುತ್ತೇನೆ ಅಂತ ಹೊರಟರೆ 600 ಗಂಟೆ, ಹತ್ತು ತಿಂಗಳು. ಅದಕ್ಕೇ ಹೇಳಿದ್ದು, ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳ ಆಸೆ ಬಿಡಿ.

ಕೆಲಸ ಮಾಡಿಕೊಡುವ ಹುಡುಗನಿಗೆ ‘ವೇವ್ ಫೈಲ್ ಬೇಕು, 24 ಬಿಟ್, 96 ಕಿಲೋಹರ್ಟ್ಸ್’ ಅನ್ನಿ. ಅವನು ‘ಅಂಕಲ್, ಎಂಪಿ3 ಸಾಕು’ ಅಂತಾನೆ. ಸಾಕಾಗಲ್ಲ. ಎಂಪಿ3 ಮೊಮ್ಮಕ್ಕಳ ಫೋನಿಗೆ ಸರಿ, ಕಾಪಿಡುವುದಕ್ಕೆ ಅಲ್ಲ. ವೇವ್ ಆದರೆ ಗಂಟೆಗೆ ಸುಮಾರು 2 ಜಿಬಿ, ನಿಮ್ಮ 90 ಗಂಟೆಗೆ 180 ಜಿಬಿ. ಒಂದು ಸಣ್ಣ ಹಾರ್ಡ್‌ಡಿಸ್ಕಿನಲ್ಲಿ ಕೂರುತ್ತದೆ. ಆದರೆ ಎರಡು ಮಾಡಿಸಿ. ಒಂದು ಠಾಣೆಗೆ, ಇನ್ನೊಂದು ನ್ಯೂಜೆರ್ಸಿಗೆ. ಎರಡೂ ಒಂದೇ ಕಪಾಟಿನಲ್ಲಿದ್ದರೆ ಒಂದೇ ಇದ್ದ ಹಾಗೆ.

ಇನ್ನೊಂದು ಕೆಲಸ, ಇದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಮಾಡಲಾರರು. ಪ್ರತಿ ಕ್ಯಾಸೆಟ್ ಇಳಿಸುವ ಮೊದಲು ಮೈಕಿನಲ್ಲಿ ನೀವೇ ಎರಡು ನಿಮಿಷ ಮಾತಾಡಿ. ಯಾವ ವರ್ಷ, ಯಾವ ಪ್ರಸಂಗ, ಮೈಸೂರು ಅಸೋಸಿಯೇಷನ್ನಿನಲ್ಲೋ ಕರ್ನಾಟಕ ಸಂಘದಲ್ಲೋ, ಪದ್ಯ ಹಾಡಿದ ಭಾಗವತರು ಯಾರು, ಅರ್ಥಕ್ಕೆ ಯಾರು ಯಾರು, ನೀವು ಎಷ್ಟನೇ ಸಾಲಿನಲ್ಲಿ ಕೂತಿದ್ದಿರಿ, ಕೊನೆಯ ಲೋಕಲ್ ತಪ್ಪಿತೋ ಇಲ್ಲವೋ. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದಾಗ ಆ ರೆಕಾರ್ಡ್ ಒತ್ತಲು ಜರ್ಮನಿಗೆ ಹೋಗಬೇಕಿತ್ತು. ಅಲ್ಲಿಯವರಿಗೆ ಯಾರ ಹಾಡು ಅಂತ ಗೊತ್ತಾಗಲಿ ಅಂತ ಹಾಡು ಮುಗಿಸಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಕೂಗಿ ಹೇಳುತ್ತಿದ್ದಳು. ನಿಮ್ಮ ಕ್ಯಾಸೆಟ್‌ಗಳೂ ಗುರುತಿಲ್ಲದವರ ಕೈಗೇ ಹೋಗುವುದು. ‘ಟಿಎಂ 14, ಚೆನ್ನಾಗಿದೆ’ ಅಂತ ನೀವು ಪೆನ್ಸಿಲಿನಲ್ಲಿ ಬರೆದಿಟ್ಟದ್ದು ಅವರಿಗೆ ಏನು ತಿಳಿಯುತ್ತದೆ? (ಹಾಗೇ ಬರೆದಿರುತ್ತೀರಿ, ನನಗೆ ಗೊತ್ತು. ಎಲ್ಲರೂ ಹಾಗೇ ಬರೆಯುವುದು.)

ಈಗ ಸಂಸ್ಥೆಯ ವಿಷಯ. ಇಲ್ಲಿ ನನ್ನದೇ ಕತೆ ಹೇಳಬೇಕು.

ನನ್ನ ಅಪ್ಪನಿಗೆ ವಡಾಲಾದಲ್ಲಿ ಸಣ್ಣ ಹೋಟೆಲಿತ್ತು. ಗಲ್ಲಾ ಮುಚ್ಚಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಕೈ ತೊಳೆದು, ಪಂಚೆಗೆ ಎರಡು ಸಲ ಒರೆಸಿಕೊಂಡು, ಆಮೇಲೆ ಹಾಡಿನ ಪ್ಲೇಟು ಮುಟ್ಟುತ್ತಿದ್ದರು. ಒಟ್ಟು 140 ಇತ್ತು. ಅವರು ಹೋದ ಮೇಲೆ ನಾವು ಮಕ್ಕಳು ನೀವು ಈಗ ಯೋಚಿಸುತ್ತಿರುವುದನ್ನೇ ಮಾಡಿದೆವು. ಒಂದು ಸಂಸ್ಥೆಗೆ ಒಟ್ಟಿಗೆ ಕೊಟ್ಟೆವು. ಶಾಲು, ಹಾರ, ಫೋಟೋ ಎಲ್ಲಾ ಆಯಿತು. ಅಮ್ಮ ಅತ್ತರು. ಆರು ವರ್ಷ ಬಿಟ್ಟು ಬೇರೇನೋ ಕಾರ್ಯಕ್ರಮಕ್ಕೆ ಅಲ್ಲಿಗೆ ಹೋದವಳು ‘ಅಪ್ಪನ ಪ್ಲೇಟು ಎಲ್ಲಿದೆ’ ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ. ಕೊನೆಗೆ ಕಾವಲುಗಾರ ಮೆಟ್ಟಿಲ ಕೆಳಗೆ ಕರೆದುಕೊಂಡು ಹೋದ. ಮಡಚುವ ಕುರ್ಚಿಗಳ ಹಿಂದೆ, ನೆಲದ ಮೇಲೆ, ಒಂದರ ಮೇಲೊಂದು ಅಡ್ಡ ಪೇರಿಸಿಟ್ಟಿದ್ದರು. ಕೆಳಗಿನವು ಭಾರಕ್ಕೆ ಒಡೆದಿದ್ದವು. ಮೇಲಿನ ಒಂದು ಕವರಿನ ಮೂಲೆಯಲ್ಲಿ ನಾನು ಏಳು ವರ್ಷದವಳಿದ್ದಾಗ ಬಿಡಿಸಿದ ರಂಗೋಲಿ. ಅದಕ್ಕಾಗಿ ಅಪ್ಪ ನನಗೆ ಒಂದೇ ಒಂದು ಏಟು ಹೊಡೆದಿದ್ದರು.

ಆ ಸಂಸ್ಥೆಯವರು ಕೆಟ್ಟವರೇನಲ್ಲ. ಅವರಿಗೆ ಸಮಾರಂಭ ಬೇಕಿತ್ತು, ಪ್ಲೇಟು ಬೇಕಿರಲಿಲ್ಲ. ನಾವೂ ಕೇಳಲಿಲ್ಲ.

ನೀವು ಕೇಳಿ. ಎಲ್ಲಿ ಇಡುತ್ತೀರಿ, ತೋರಿಸಿ. ಪಟ್ಟಿ ಮಾಡುವವರು ಯಾರು? ಯಾರಾದರೂ ಕೇಳಬೇಕು ಅಂತ ಬಂದರೆ ಕೇಳಿಸಲು ಮಷಿನ್ ಇದೆಯಾ? 78ಕ್ಕೆ ಬೇರೆ ಸೂಜಿ ಇದೆಯಾ? 78ರ ಗೆರೆ ಅಗಲ, ಎಲ್‌ಪಿ ಸೂಜಿ ಅದರ ತಳದಲ್ಲಿ ಒದ್ದಾಡುತ್ತದೆ. ಈ ಕೊನೇ ಪ್ರಶ್ನೆಗೆ ‘ಅಂದರೆ?’ ಅಂತ ಉತ್ತರ ಬಂದರೆ ಕಾಫಿ ಕುಡಿದು ಎದ್ದು ಬನ್ನಿ.

ತಾಳಮದ್ದಲೆಯ ಕ್ಯಾಸೆಟ್ಟಿಗೆ ನನಗೆ ಮೊದಲು ಹೊಳೆಯುವುದು ಉಡುಪಿ. ಅಲ್ಲಿ ಎಂಜಿಎಂ ಕಾಲೇಜಿನಲ್ಲಿ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವಿದೆ. ಯಕ್ಷಗಾನವೂ ಅವರ ಕೆಲಸವೇ. ಪೆಟ್ಟಿಗೆ ಕಳಿಸಬೇಡಿ, ಮೊದಲು ಪಟ್ಟಿ ಕಳಿಸಿ. ಸಂಗೀತದ ಖಾಸಗಿ ರೆಕಾರ್ಡಿಂಗುಗಳಿಗೆ ಗುರ್ಗಾಂವಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಶುರು ಮಾಡಿದ ಸಂಗ್ರಹಾಲಯವಿದೆ. ಅಲ್ಲಿ ಕೊಡುವವರ ಜೊತೆ ಬರವಣಿಗೆಯಲ್ಲೇ ಒಪ್ಪಂದ ಮಾಡಿಕೊಳ್ಳುತ್ತಾರೆ. ಯಾರು ಕೇಳಬಹುದು, ಯಾರು ಪ್ರತಿ ಮಾಡಿಕೊಳ್ಳಬಹುದು ಅಂತ ನೀವೇ ಹೇಳಬಹುದು. ಇಂಥದ್ದನ್ನು ನಂಬಬಹುದು ಅನ್ನಿಸುತ್ತದೆ.

78ರ ಪ್ಲೇಟುಗಳಿಗೆ ದೂರ ಹೋಗಬೇಕಿಲ್ಲ. 1990ರಲ್ಲಿ ನಮ್ಮ ಮುಂಬೈಯಲ್ಲೇ ರೆಕಾರ್ಡ್ ಸಂಗ್ರಾಹಕರು ಸೇರಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಕಟ್ಟಿದರು. ಆ ಬಳಗದವರಿಗೆ ಲೇಬಲ್ ನೋಡಿದರೆ ಸಾಕು, ಬೆಲೆ ಗೊತ್ತಾಗುತ್ತದೆ. ದುಡ್ಡಿನ ಬೆಲೆ ಅಲ್ಲ ನಾನು ಹೇಳುತ್ತಿರುವುದು. ನೀವೂ ಕೊಡುವ ಮೊದಲು ಲೇಬಲ್ ಓದಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಗಾಂಧಾರಿ ಅನ್ನುವ ಹೆಸರಿನಲ್ಲಿವೆ. ಗೊತ್ತಿಲ್ಲದವರು ‘ಇದ್ಯಾರೋ’ ಅಂತ ಪಕ್ಕಕ್ಕೆ ಎಸೆದಾರು.

ಎಲ್‌ಪಿಗಳನ್ನು ಮಾತ್ರ ಸಂಸ್ಥೆಗೆ ಕೊಡಬೇಡಿ. ಮನುಷ್ಯರಿಗೆ ಕೊಡಿ. ಮಗನಿಗೆ ‘ಎಲ್ಲಾ ಬೇಕಾ’ ಅಂದರೆ ಬೇಡ ಅಂತಾನೆ. ‘ಐದು ಆರಿಸು’ ಅನ್ನಿ, ವಿಡಿಯೋ ಕಾಲ್‌ನಲ್ಲಿ ಒಂದೊಂದೇ ಕವರ್ ತೋರಿಸಿ. ಎರಡು ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ನಿಮಗೆ ಅಂತ ಇಪ್ಪತ್ತು ಇಟ್ಟುಕೊಳ್ಳಿ. ಪ್ಲೇಯರ್ ಖಂಡಿತ ಇಟ್ಟುಕೊಳ್ಳಿ, ಅದನ್ನು ಯಾರಾದರೂ ಕೇಳಿದರೆ ಬೈಯಿರಿ. ಉಳಿದದ್ದು ಹಾಡು ಕಲಿಯುವ ಮಕ್ಕಳಿಗೆ, ಹೊಸದಾಗಿ ಎಲ್‌ಪಿ ಹುಚ್ಚು ಹಿಡಿದ ಹುಡುಗರಿಗೆ. ಈಗ ಅಂಥವರು ಜಾಸ್ತಿ. ನಮ್ಮ ಬಿಲ್ಡಿಂಗಿನ ತಬಲಾ ಹುಡುಗನಿಗೆ ನಾನೊಂದು ಮನ್ಸೂರರ ಎಲ್‌ಪಿ ಕೊಟ್ಟೆ. ಭಾನುವಾರ ಬೆಳಿಗ್ಗೆ ನಾಲ್ಕನೇ ಮಹಡಿಯಿಂದ ಕೇಳಿಸುತ್ತದೆ. ನನ್ನ ಮನೆಯಲ್ಲಿದ್ದಾಗ ನಾನು ಅದನ್ನು ಹಾಕದೆ ಎಂಟು ವರ್ಷ ಆಗಿತ್ತು.

ಮಾರುವುದೂ ತಪ್ಪಲ್ಲ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕೊಳ್ಳುವವರು ಇದ್ದಾರೆ. ಕಾಳಾ ಘೋಡಾದ ಹಳೇ ರೆಕಾರ್ಡ್ ಅಂಗಡಿ ರಿದಮ್ ಹೌಸ್ 2016ರಲ್ಲಿ ಮುಚ್ಚಿದಾಗ ಅಳುಮೋರೆ ಮಾಡಿಕೊಂಡ ಅರ್ಧ ಜನ ಈಗ ಅಲ್ಲೇ ಬಗ್ಗಿ ಹುಡುಕುತ್ತಿರುತ್ತಾರೆ. ಆದರೆ ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಕಿಲೋ ಲೆಕ್ಕದಲ್ಲಿ ಮಾತ್ರ ಹಾಕಬೇಡಿ.

ಮನೆ ಬದಲಿಸುವಾಗ ಪ್ಲೇಟುಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಅಡ್ಡ ಮಲಗಿಸಬೇಡಿ. ಪೆಟ್ಟಿಗೆಗೆ 40ಕ್ಕಿಂತ ಜಾಸ್ತಿ ಬೇಡ. 78 ಅರಗಿನದ್ದು, ಕೈ ಜಾರಿದರೆ ಹಪ್ಪಳ. ಬಾಡಿಗೆ ಮನೆಯಲ್ಲಿ ಬಾತ್‌ರೂಮ್ ಗೋಡೆಗೆ ಒರಗಿಸಬೇಡಿ.

ಕಾಗದ ಪತ್ರ? ವಿಲ್ ಬರೆದರೆ ನಿಮ್ಮ ಸಹಿ, ಎರಡು ಸಾಕ್ಷಿ ಸಾಕು. ಕನ್ನಡದಲ್ಲೇ ಬರೆಯಬಹುದು, ನೋಂದಣಿ ಕಡ್ಡಾಯವಲ್ಲ. ಆದರೆ ನನ್ನ ಮಾತು ಕೇಳಿದರೆ ಈಗಲೇ ಕೈಯಾರೆ ಕೊಡಿ. ಅವರು ಅದನ್ನು ಎಲ್ಲಿಡುತ್ತಾರೆ ಅಂತ ನೋಡಿಕೊಂಡು ಬರಬಹುದಲ್ವಾ.

ಪ್ರಶ್ನೆ: ನಮ್ಮವರು ಸ್ಪೂಲ್ ಟೇಪಿನಲ್ಲಿ ಭಜನೆ, ನಾಟಕ ಎಲ್ಲಾ ತುಂಬಿಟ್ಟಿದ್ದಾರೆ. ಮೊನ್ನೆ ಪೆಟ್ಟಿಗೆ ತೆರೆದರೆ ವಿನೆಗರ್ ವಾಸನೆ. ಇಲಿಯೇನಾದರೂ ಸತ್ತಿದೆಯೇ?

— ಗೃಹಿಣಿ, ವಾಸ್ಕೋ

ಉತ್ತರ: ಇಲಿಯಲ್ಲ, ಟೇಪೇ ಸಾಯುತ್ತಿದೆ. ಹಳೇ ಸ್ಪೂಲ್ ಕೆಲವು ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನವು. ಸೆಕೆ, ತೇವ ತಾಗಿದರೆ ಹುಳಿ ವಾಸನೆ ಬಿಡುತ್ತಾ ಒಡೆಯುತ್ತಾ ಹೋಗುತ್ತವೆ. ಗೋವಾದಲ್ಲಿ ಎರಡಕ್ಕೂ ಬರವಿಲ್ಲ. ಸ್ಪೂಲನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಹಾಯ್ದರೆ ಅಸಿಟೇಟ್, ಹಾಯದಿದ್ದರೆ ಪಾಲಿಯೆಸ್ಟರ್. ವಾಸನೆ ಬರುವುದನ್ನು ಇವತ್ತೇ ಬೇರೆ ಇಡಿ, ಪಕ್ಕದ್ದಕ್ಕೂ ಹರಡುತ್ತದೆ. ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಬೇಡಿ. ಕಂಪ್ಯೂಟರಿಗೆ ಇಳಿಸುವಾಗ ಮೊದಲ ಸರದಿ ಅವುಗಳದ್ದೇ.

ಪ್ರಶ್ನೆ: ಅಜ್ಜನ ಹಳೇ ರೆಕಾರ್ಡುಗಳನ್ನು ನಾನು ಇಂಟರ್ನೆಟ್ಟಿಗೆ ಹಾಕಬಹುದೇ?

— ವಿದ್ಯಾರ್ಥಿ, ಪುಣೆ

ಉತ್ತರ: ಕವರ್ ಮೇಲೆ ವರ್ಷ ನೋಡು. ನಮ್ಮ ಕಾನೂನಿನಲ್ಲಿ ರೆಕಾರ್ಡಿನ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1962ರದ್ದು 2022ರ ಕೊನೆಗೆ ಮುಗಿಯಿತು. ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತುಕಾರಾಮ, ಪುರಂದರದಾಸರಾದರೆ ಆ ಚಿಂತೆಯಿಲ್ಲ. ಅಜ್ಜ ಹಾಲ್‌ನಲ್ಲಿ ಕೂತು ತಾವೇ ರೆಕಾರ್ಡ್ ಮಾಡಿಕೊಂಡದ್ದಿದ್ದರೆ ಸುಮ್ನೆ ಹಾಕಬೇಡ. ಹಾಡಿದವರ ಮನೆಯವರಿಗೆ ಒಂದು ಫೋನ್ ಮಾಡು. ಮುಕ್ಕಾಲು ಪಾಲು ಜನ ಖುಷಿಯಾಗಿ ಒಪ್ಪುತ್ತಾರೆ, ‘ನಮಗೂ ಒಂದು ಪ್ರತಿ ಕೊಡಪ್ಪ, ನಮ್ಮ ಹತ್ತಿರ ಏನೂ ಉಳಿದಿಲ್ಲ’ ಅಂತಾರೆ.