ಕಂಬಿ ಏರಿಸಿದ್ರೆ ಸಾಕಾ?

ಪ್ರಶ್ನೆ: ನಮ್ಮ ಮಾವನವ್ರಿಗೆ 76, ಬೀಪಿ ಶುಗರ್ ಎರಡೂ ಇದೆ, ಮುಂದಿನ ವಾರ ಪ್ರಾಸ್ಟೇಟ್ ಆಪರೇಷನ್. ಹೋದ ತಿಂಗಳು ಯೂರಿನ್ ಇನ್ಫೆಕ್ಷನ್ ಆಗಿ ಅಡ್ಮಿಟ್ ಆಗಿದ್ದಾಗ ಮಧ್ಯರಾತ್ರಿ ಬಾತ್ರೂಮಿಗೆ ಅಂತ ಎದ್ದು ಬಿದ್ದು ಹುಬ್ಬಿಗೆ ಹೊಲಿಗೆ ಬಿತ್ತು, ನಮ್ಮ ಯಜಮಾನ್ರು ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಮಲಗಿದ್ರೂ ಗೊತ್ತಾಗ್ಲಿಲ್ಲ. ಈ ಸಲ ಬೆಡ್ಡಿನ ಎರಡೂ ಕಡೆ ಕಂಬಿ ಏರಿಸಿಬಿಡಿ ಅಂತ ಸಿಸ್ಟರಿಗೆ ಹೇಳಿದ್ರೆ ಸಾಕಾ?
- ಒಬ್ಬ ಓದುಗರು, ಹಾಸನ

ಉತ್ತರ: ಸಾಕಾಗಲ್ಲ, ಕೆಲವು ಸಲ ಅದೇ ಡೇಂಜರ್. ಅರ್ಜೆಂಟಾದವರಿಗೆ ಕಂಬಿ ಅಡ್ಡ ಬಂದ್ರೆ ಅವ್ರೇನು ಸುಮ್ನೆ ಮಲ್ಕೊಳಲ್ಲ, ಹತ್ತಿ ದಾಟೋಕೆ ಹೋಗ್ತಾರೆ, ಆಗ ಬೀಳೋ ಎತ್ತರಾನೂ ಜಾಸ್ತಿ. ಅನಸ್ತೇಶಿಯಾದ ಮಂಪರು ಇಳಿಯೋವರ್ಗೆ, ಸ್ಟ್ರೆಚರಲ್ಲಿ ಸಾಗಿಸುವಾಗ ಕಂಬಿ ಬೇಕೇ ಬೇಕು. ಆಮೇಲೆ ಬೆಡ್ಡನ್ನ ಆದಷ್ಟು ಕೆಳಗಿಳಿಸೋಕೆ ಹೇಳಿ, ಚಕ್ರಕ್ಕೆ ಬ್ರೇಕ್ ಬಿದ್ದಿದೆಯಾ ಅಂತ ನೀವೇ ಒಂದ್ಸಲ ದೂಡಿ ನೋಡಿ.

ಮಗ ಪಕ್ಕದಲ್ಲೇ ಇದ್ರೂ ಯಾಕೆ ಎಬ್ಬಿಸ್ಲಿಲ್ಲ ಅಂತ ಯೋಚನೆ ಮಾಡಿದೀರಾ? "ಪಾಪ, ಹಗಲೆಲ್ಲ ಓಡಾಡಿ ಈಗ ಮಲಗಿದಾನೆ, ಬಾತ್ರೂಮು ಇಲ್ಲೇ ತಾನೆ" ಅಂದ್ಕೊಂಡಿರ್ತಾರೆ. ವಾರ್ಡಲ್ಲಿ ಬೀಳೋ ಹಿರಿಯರಲ್ಲಿ ಎಷ್ಟೋ ಜನರ ಕಥೆ ಇದೇ. ಅದಕ್ಕೇ ಅವ್ರು ಕರೀಲಿ ಅಂತ ಕಾಯಬೇಡಿ, ಮೊಬೈಲಲ್ಲಿ ಅಲಾರಂ ಇಟ್ಟು ಮಲಗೋ ಮುಂಚೆ, ನಡುರಾತ್ರಿ, ಬೆಳಗಿನ ಜಾವ ನೀವೇ ಕೇಳಿ. ಕೈಗೆ ಸಿಗೋ ಹಾಗೆ ಯೂರಿನ್ ಪಾಟ್ ಇರ್ಲಿ. ಸೊಸೆ ಹತ್ರ ಪಾಟ್ ಕೇಳೋಕೆ ಮಾವನವರು ನಾಚ್ಕೋತಾರೆ, ಹಾಗಾಗಿ ರಾತ್ರಿಗೆ ಮಗನೋ ಅಳಿಯನೋ ಇದ್ರೆ ಒಳ್ಳೇದು.

ಆಪರೇಷನ್ ಆದ್ಮೇಲೆ ಇನ್ನೊಂದು ಕಾಟ ಇದೆ. ಯೂರಿನ್ನಿಗೆ ಪೈಪ್ ಹಾಕಿರ್ತಾರೆ, ಅದರ ತುದೀಲಿರೋ ಬಲೂನ್ ಒಳಗೆ ಒತ್ತೋದ್ರಿಂದ, ಬ್ಯಾಗಿಗೆ ಸರಿಯಾಗಿ ಹೋಗ್ತಿದ್ರೂ ಅವ್ರಿಗೆ ಬಂದ ಹಾಗೇ ಅನ್ಸುತ್ತೆ, ನಿದ್ದೆಗಣ್ಣಲ್ಲಿ ಎದ್ದೇಬಿಡ್ತಾರೆ, ಬ್ಯಾಗು ಬೆಡ್ಡಿಗೆ ಸಿಕ್ಕಿರುತ್ತೆ, ಇನ್ನೊಂದು ಕಡೆ ಡ್ರಿಪ್ಪಿನ ಟ್ಯೂಬು ಎಳೀತಿರುತ್ತೆ. ಹೀಗಾಗುತ್ತೆ ಅಂತ ಆಪರೇಷನ್ನಿಗೆ ಮುಂಚೇನೇ ಅವ್ರಿಗೆ ಹೇಳಿಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರೆ ಕೆಲವು ಗಂಟೆ ಕಾಲಲ್ಲಿ ಶಕ್ತಿ ಇರಲ್ಲ, ಮೊದಲನೇ ಸಲ ಇಳಿಸುವಾಗ ಸಿಸ್ಟರ್ ಇರ್ಲೇಬೇಕು.

ಮಾತ್ರೆ ಚೀಟೀನೂ ಡಾಕ್ಟರಿಗೆ ತೋರಿಸಿ. ಪ್ರಾಸ್ಟೇಟಿಗೆ ಕೊಡೋ ಟ್ಯಾಮ್ಸುಲೋಸಿನ್, ಬೀಪಿ ಮಾತ್ರೆ, ನಿದ್ದೆ ಮಾತ್ರೆ ಎಲ್ಲ ಸೇರಿದ್ರೆ ಎದ್ದ ತಕ್ಷಣ ಕಣ್ಣು ಕತ್ತಲೆ ಬರಬಹುದು. ಮಲಗಿದ್ದಾಗ ಒಂದ್ಸಲ, ಎದ್ದು ನಿಂತು 3 ನಿಮಿಷದೊಳಗೆ ಒಂದ್ಸಲ ಬೀಪಿ ನೋಡಿ ಅಂತ ಕೇಳಿ, ಮೇಲಿನ ನಂಬರ್ 20 ಇಳಿದ್ರೆ ಡಾಕ್ಟರಿಗೆ ಗೊತ್ತಾಗಬೇಕು. ಯೂರಿನ್ ಜಾಸ್ತಿ ಹೋಗೋ ಹಾಗೆ ಮಾಡೋ ಮಾತ್ರೆ ಏನಾದ್ರೂ ಇದ್ರೆ ಸಂಜೆ ಬದಲು ಬೆಳಿಗ್ಗೆ ಕೊಡಬಹುದಾ ಅಂತಾನೂ ಕೇಳಿ.

ಅಡ್ಮಿಷನ್ ಟೈಮಲ್ಲಿ "ಹಿಂದೆ ಬಿದ್ದಿದಾರಾ" ಅಂತ ಕೇಳಿದ್ರೆ ಇಲ್ಲ ಅನ್ನಬೇಡಿ. ಪೇಷೆಂಟ್ ಬೀಳೋ ಅಪಾಯ ಎಷ್ಟು ಅಂತ ಅಳೆಯೋಕೆ ಮೋರ್ಸ್ ಸ್ಕೇಲ್ ಅಂತ ಒಂದು ಲೆಕ್ಕ ಇದೆ, ಮೂರು ತಿಂಗಳೊಳಗೆ ಬಿದ್ದಿದ್ರೆ 25 ಅಂಕ, ಎರಡನೇ ಕಾಯಿಲೆ ಇದ್ರೆ 15, ಡ್ರಿಪ್ ಇದ್ರೆ 20, ನಿಮ್ಮ ಮಾವನವ್ರಿಗೆ ಇಷ್ಟರಲ್ಲೇ 60 ಆಯ್ತು. ತುಂಬ ಕಡೆ 45 ದಾಟಿದ್ರೇನೇ ಹೈ ರಿಸ್ಕ್. ಕೆಲವು ಕಡೆ ಅಂಥವರ ಕೈಗೆ ಹಳದಿ ಬ್ಯಾಂಡ್ ಹಾಕ್ತಾರೆ. ಮುಜುಗರ ಏನಿಲ್ಲ, ಹಾಕಿಸ್ಕೊಳ್ಳಿ.

ಹವಾಯಿ ಚಪ್ಪಲಿ ಮನೇಲೇ ಇರ್ಲಿ, ಹಿಂದೆ ಪಟ್ಟಿ ಇರೋದು ತನ್ನಿ. ಕನ್ನಡಕ ಮರೀಬೇಡಿ.

ಪ್ರಶ್ನೆ: ವಾರ್ಡಲ್ಲಿ ಯಾರಾದ್ರೂ ಬಿದ್ರೆ ತಕ್ಷಣ ಎತ್ತಬಾರದು ಅಂತಾರೆ, ನಿಜಾನಾ?
- ಇನ್ನೊಬ್ಬ ಓದುಗರು, ಶಿರಸಿ

ಉತ್ತರ: ನಿಜ. ಕಂಕುಳಿಗೆ ಕೈ ಹಾಕಿ ಎಳೀಬೇಡಿ, ಬೆಲ್ ಒತ್ತಿ, ಸಿಸ್ಟರ್ ಬಂದು ನೋಡ್ಲಿ. ಒಂದು ಕಾಲು ಗಿಡ್ಡ ಆದ ಹಾಗೆ ಕಂಡು ಪಾದ ಹೊರಗೆ ತಿರುಗಿದ್ರೆ ಸೊಂಟದ ಹತ್ರ ಮೂಳೆ ಮುರಿದಿರಬಹುದು. ರಕ್ತ ತೆಳು ಮಾಡೋ ಮಾತ್ರೆ ತಗೊಳೋರು ತಲೆ ಹೊಡ್ಕೊಂಡಿದ್ರೆ, ಗಾಯ ಕಾಣದಿದ್ರೂ ಡಾಕ್ಟರಿಗೆ ಹೇಳ್ಲೇಬೇಕು, ಬೈತಾರೆ ಅಂತ ಬೆಳಗಿನ ರೌಂಡ್ಸ್ ತನಕ ಮುಚ್ಚಿಡಬೇಡಿ.