ಸ್ಟ್ರಿಂಗ್ ಥಿಯರಿ ಹೇಳುವ ಹೆಚ್ಚಿನ ಆಯಾಮಗಳನ್ನು ಯಾರಾದರೂ ಪ್ರಯೋಗ ಮಾಡಿ ಹುಡುಕಿದ್ದಾರಾ?

ನಿಮ್ಮ ಪ್ರಶ್ನೆ ಇಷ್ಟು: ಕಣಗಳೆಲ್ಲ ಪುಟ್ಟ ಎಳೆಗಳ ಕಂಪನ ಅನ್ನುವ ಸ್ಟ್ರಿಂಗ್ ಥಿಯರಿಗೆ 10 ಆಯಾಮ ಬೇಕಂತೆ. ನಮಗೆ ಗೊತ್ತಿರುವುದು ಮೂರು, ಕಾಲವನ್ನೂ ಸೇರಿಸಿದರೆ ನಾಲ್ಕು. ಉಳಿದ ಆರನ್ನು ಯಾರಾದರೂ ಹುಡುಕಿದ್ದಾರಾ, ಇಲ್ಲಾ ಎಲ್ಲವೂ ಬರೀ ಕಾಗದದ ಮೇಲಿನ ಲೆಕ್ಕವಾ?

ಹುಡುಕಿದ್ದಾರೆ, ಸಿಕ್ಕಿಲ್ಲ. ಇವತ್ತಿನವರೆಗೆ ಒಂದೇ ಒಂದು ಗಟ್ಟಿ ಪುರಾವೆಯೂ ಇಲ್ಲ. ಹಾಗಂತ "ಇದನ್ನೆಲ್ಲ ಪರೀಕ್ಷೆ ಮಾಡೋಕೇ ಆಗಲ್ಲ" ಅನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು, ಸಂಶೋಧಕನಲ್ಲ. ಆದರೂ ಈ ಹುಡುಕಾಟದಲ್ಲಿ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಅದರ ಬಗ್ಗೆಯೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಕಷ್ಟ ಎಲ್ಲಿದೆ ನೋಡೋಣ. ಹೆಚ್ಚಿನ ಆಯಾಮದ ಯೋಚನೆ ಸ್ಟ್ರಿಂಗ್ ಥಿಯರಿಗಿಂತ ಹಳೆಯದು. 1921ರಲ್ಲಿ ಥಿಯೋಡರ್ ಕಲೂಜಾ ಐದನೇ ಆಯಾಮದ ಲೆಕ್ಕವನ್ನು ಪ್ರಕಟಿಸಿದರು. ಅದು ನಮಗ್ಯಾಕೆ ಕಾಣುವುದಿಲ್ಲ ಎಂದು ಕೇಳಿದರೆ, ತೀರಾ ಚಿಕ್ಕದಾಗಿ ಸುತ್ತಿಕೊಂಡಿದೆ ಎಂದು 1926ರಲ್ಲಿ ಆಸ್ಕರ್ ಕ್ಲೈನ್ ಹೇಳಿದರು. ಎಷ್ಟು ಚಿಕ್ಕದು? ಸಾಮಾನ್ಯವಾಗಿ ಹೇಳುವ ಅಳತೆ ಪ್ಲಾಂಕ್ ಉದ್ದದ ಆಸುಪಾಸಿನದು. ದಶಮಾಂಶ ಚುಕ್ಕಿಯ ಮುಂದೆ 34 ಸೊನ್ನೆ ಹಾಕಿ ಆಮೇಲೆ 16 ಬರೆಯಿರಿ, ಅಷ್ಟು ಮೀಟರ್. ಅದನ್ನು ನೇರವಾಗಿ ನೋಡಬೇಕಾದರೆ ಜಿನೀವಾದ ಹತ್ತಿರ ಇರುವ 27 ಕಿಲೋಮೀಟರ್ ಸುತ್ತಳತೆಯ, ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ ಶಕ್ತಿಯೂ ಸಾಲದು. ಹೆಚ್ಚುಕಡಿಮೆ 1ರ ಮುಂದೆ 15 ಸೊನ್ನೆ ಹಾಕಿದಷ್ಟು ಪಟ್ಟು ಹೆಚ್ಚಿನ ಶಕ್ತಿ ಬೇಕು. ಆ ದಾರಿ ಮುಚ್ಚಿದೆ ಅಂತಲೇ ಇಟ್ಟುಕೊಳ್ಳಿ.

1998ರಲ್ಲಿ ನೀಮಾ ಅರ್ಕಾನಿ-ಹಮೆದ್, ಸಾವಾಸ್ ಡಿಮೊಪೌಲೋಸ್, ಗಿಯಾ ದ್ವಾಲಿ ಎಂಬ ಮೂವರು ಒಂದು ತುಂಟ ಪ್ರಶ್ನೆ ಕೇಳಿದರು. ಆಯಾಮ ಅಷ್ಟು ಚಿಕ್ಕದೇ ಇರಬೇಕು ಅಂತ ಯಾರು ಹೇಳಿದ್ದು? ಬೆಳಕು, ವಿದ್ಯುತ್ತು, ನಮ್ಮ ಮೈಯ ಅಣುಗಳು ಎಲ್ಲ ಮೂರು ಆಯಾಮಕ್ಕೇ ಅಂಟಿಕೊಂಡಿದ್ದು, ಗುರುತ್ವ ಮಾತ್ರ ಉಳಿದ ಆಯಾಮಗಳಿಗೂ ಹರಡುತ್ತಿದ್ದರೆ? ಹಾಗಿದ್ದರೆ ಆ ಆಯಾಮ ಒಂದು ಮಿಲಿಮೀಟರ್‌ನಷ್ಟು ದೊಡ್ಡದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಯಾಕೆಂದರೆ ಅಷ್ಟು ಹತ್ತಿರದಲ್ಲಿ ಗುರುತ್ವವನ್ನು ಅಲ್ಲಿಯವರೆಗೆ ಯಾರೂ ಸರಿಯಾಗಿ ಅಳೆದೇ ಇರಲಿಲ್ಲ! ನ್ಯೂಟನ್ ಕಾಲವಾಗಿ 270 ವರ್ಷ ಆದಮೇಲೂ ಅವನ ನಿಯಮದಲ್ಲಿ ಇಷ್ಟು ದೊಡ್ಡ ಖಾಲಿ ಜಾಗ ಉಳಿದಿತ್ತು.

ಇದನ್ನು ಪರೀಕ್ಷಿಸುವ ಯೋಚನೆ ಸರಳ. ಉರಿಯುವ ದೀಪದಿಂದ ಎರಡು ಪಟ್ಟು ದೂರ ಹೋದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಅದು ಮೂರು ಆಯಾಮದಲ್ಲಿ ಹರಡುತ್ತದೆ. ಗುರುತ್ವವೂ ಹಾಗೇ. ಇನ್ನೂ ಎರಡು ಆಯಾಮ ಇದ್ದರೆ, ಅವುಗಳ ಅಳತೆಗಿಂತ ಹತ್ತಿರ ಬಂದಾಗ ಲೆಕ್ಕ ಬದಲಾಗಬೇಕು. ಅಂತರ ಅರ್ಧಕ್ಕಿಳಿದರೆ ಸೆಳೆತ 4 ಪಟ್ಟಿನ ಬದಲು 16 ಪಟ್ಟು ಏರಬೇಕು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಅಡೆಲ್‌ಬರ್ಗರ್ ಮತ್ತು ಅವರ ತಂಡ ಇದನ್ನು ಅಳೆಯಲು ಕೂತರು. ಸಾಧನ ಹೀಗಿದೆ: ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ಎಳೆಯಲ್ಲಿ ಒಂದು ಮಾಲಿಬ್ಡಿನಂ ಬಿಲ್ಲೆ ತೂಗುಬಿದ್ದಿದೆ. ಬಿಲ್ಲೆಯಲ್ಲಿ ಎರಡು ಸಾಲು ತೂತು, ಸಾಲಿಗೆ 21. ಕೆಳಗೆ ಅಂಥದ್ದೇ ತೂತಿನ ಇನ್ನೊಂದು ಬಿಲ್ಲೆ ನಿಧಾನವಾಗಿ ತಿರುಗುತ್ತದೆ. ಕೆಳಗಿನ ತೂತು ಮೇಲಿನ ತೂತನ್ನು ದಾಟುವಾಗ ಸೆಳೆತ ಒಂದಿಷ್ಟು ಆಚೀಚೆ ಆಗಿ ಮೇಲಿನ ಬಿಲ್ಲೆ ಚೂರು ತಿರುಚಿಕೊಳ್ಳುತ್ತದೆ. ಕೆಳಗಿನದು ಒಂದು ಸುತ್ತು ಬಂದರೆ ಮೇಲಿನದು 21 ಸಲ ಅಲುಗಬೇಕು. ಇದು ಬಹಳ ಜಾಣತನದ ಉಪಾಯ: ಮೋಟರಿನ ನಡುಕ ಸುತ್ತಿಗೊಮ್ಮೆ ಬರುತ್ತದೆ, ಗುರುತ್ವದ ಸದ್ದು ಸುತ್ತಿಗೆ 21 ಸಲ ಬರುತ್ತದೆ. ಎರಡೂ ಬೆರೆಯುವುದಿಲ್ಲ. ವಿದ್ಯುತ್ತಿನ ಸೆಳೆತ ಅಡ್ಡ ಬರದಂತೆ ಎರಡು ಬಿಲ್ಲೆಗಳ ನಡುವೆ 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಲೋಹದ ಹಾಳೆಯನ್ನು ಬಿಗಿಯಾಗಿ ಎಳೆದು ಕಟ್ಟಿದ್ದರು. ಕೆಳಗಡೆ ಇನ್ನೊಂದು ದಪ್ಪ ಬಿಲ್ಲೆ ಬೇರೆ ಇದೆ. ಅದರ ತೂತುಗಳ ಜಾಗ ತಪ್ಪಿಸಿ ಮಾಡಿರುವುದರಿಂದ ನ್ಯೂಟನ್ನನ ಮಾಮೂಲಿ ಸೆಳೆತ ಬಹುಪಾಲು ವಜಾ ಆಗಿ, ಹೊಸದೇನಾದರೂ ಇದ್ದರೆ ಎದ್ದು ಕಾಣುತ್ತದೆ.

2007ರಲ್ಲಿ ಅವರು 55 ಮೈಕ್ರಾನ್ ಅಂತರದವರೆಗೆ ಹೋದರು. ನ್ಯೂಟನ್ನನ ನಿಯಮ ಅಲ್ಲಾಡಲಿಲ್ಲ. 2020ರಲ್ಲಿ ಪ್ಲಾಟಿನಂ ಹಾಳೆಯ ಹೊಸ ವಿನ್ಯಾಸದಿಂದ 52 ಮೈಕ್ರಾನ್‌ಗೆ ಇಳಿದು, ಇನ್ನೂ ನಿಖರವಾಗಿ ಅಳೆದರು. ಆಗಲೂ ಅಷ್ಟೇ. ಅಂಥ ಆಯಾಮ ಇದ್ದರೂ 30 ಮೈಕ್ರಾನ್‌ಗಿಂತ ಚಿಕ್ಕದೇ ಇರಬೇಕು ಅನ್ನುವುದು ಅವರ ಲೆಕ್ಕ.

ಎಲ್‌ಎಚ್‌ಸಿಯಲ್ಲೂ ಹುಡುಕಿದ್ದಾರೆ. ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಕಣಗಳ ಚಿಲುಮೆ ಒಂದೇ ಕಡೆ ಚಿಮ್ಮಿ, ಎದುರುಗಡೆ ಏನೂ ಕಾಣದಿದ್ದರೆ, ಗ್ರಾವಿಟಾನ್ (ಗುರುತ್ವವನ್ನು ಹೊರುತ್ತದೆ ಎಂದು ಊಹಿಸಿರುವ ಕಣ) ಒಂದು ಬೇರೆ ಆಯಾಮಕ್ಕೆ ಜಾರಿಕೊಂಡಿರಬಹುದು. ಯಾವುದಕ್ಕೂ ಸುಲಭವಾಗಿ ತಗಲದೆ ಹಾದುಹೋಗುವ ನ್ಯೂಟ್ರಿನೋ ಕಣಗಳಿಂದಲೂ ಹೀಗೇ ಆಗುತ್ತದೆ. ಅದನ್ನು ಕಳೆದು ನೋಡಿದರೆ ಹೆಚ್ಚಿನದೇನೂ ಉಳಿಯಲಿಲ್ಲ. 2008ರಲ್ಲಿ ಎಲ್‌ಎಚ್‌ಸಿ ಶುರುವಾದಾಗ ಟಿವಿಯವರು "ಪ್ರಳಯ" ಅಂತ ಹೆದರಿಸಿದ ಆ ಪುಟಾಣಿ ಕಪ್ಪುಕುಳಿಗಳೂ ಹುಟ್ಟಲಿಲ್ಲ.

ಆಕಾಶದ ಸಾಕ್ಷಿ ಇನ್ನೂ ಖಡಕ್. 1987ರ ಫೆಬ್ರವರಿಯಲ್ಲಿ ಪಕ್ಕದ ಒಂದು ಚಿಕ್ಕ ಗೆಲಾಕ್ಸಿಯಲ್ಲಿ ನಕ್ಷತ್ರ ಸಿಡಿದಾಗ ನ್ಯೂಟ್ರಿನೋಗಳು ಸುಮಾರು ಹತ್ತು ಸೆಕೆಂಡ್ ಕಾಲ ಬಂದವು. ಗ್ರಾವಿಟಾನ್‌ಗಳು ಶಕ್ತಿಯನ್ನು ಬೇರೆ ಆಯಾಮಕ್ಕೆ ಹೊತ್ತೊಯ್ದಿದ್ದರೆ ನಕ್ಷತ್ರದ ಒಡಲು ಬೇಗ ತಣ್ಣಗಾಗಿ ಅವು ಬೇಗ ನಿಲ್ಲಬೇಕಿತ್ತು. ಎರಡು ದೊಡ್ಡ ಆಯಾಮ ಇದ್ದರೆ ಅವು ಒಂದು ಮೈಕ್ರಾನ್‌ಗಿಂತ ಚಿಕ್ಕವು ಅಂತ ಇದರಿಂದಲೇ ಹೇಳಬಹುದು. ಯಂತ್ರಕ್ಕೆ ನಿಲುಕದ ಶಕ್ತಿಯನ್ನು ಹೀಗೆ ಬಳಸುದಾರಿಯಲ್ಲಿ ಮುಟ್ಟುವುದು ಹಳೇ ಅಭ್ಯಾಸ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಅಂತ ಕಾದು ಕೂತಿದ್ದೂ ಇದೇ ಜಾತಿಯ ಕೆಲಸ.

ಹಾಗಾದ್ರೆ ಸ್ಟ್ರಿಂಗ್ ಥಿಯರಿ ಸೋತಿತಾ? ಇಲ್ಲ. ಬಿದ್ದದ್ದು "ಆಯಾಮ ದೊಡ್ಡದಿರಬಹುದು" ಅನ್ನುವ ಊಹೆಯ ಒಂದು ಭಾಗ ಮಾತ್ರ. ಆಯಾಮಗಳನ್ನು ಮಡಚುವ ರೀತಿಗಳೇ 1ರ ಮುಂದೆ 500 ಸೊನ್ನೆಯಷ್ಟಿವೆ ಅಂತ ಅಂದಾಜು. ಒಂದು ತಪ್ಪಾದರೆ ಇನ್ನೊಂದಕ್ಕೆ ಸರಿಯಬಹುದು. ಟೀಕಾಕಾರರ ಈ ದೂರಿಗೆ ಸಮಾಧಾನವಾಗುವ ಉತ್ತರವನ್ನು ನಾನಂತೂ ಓದಿಲ್ಲ. ಕಪ್ಪುಕುಳಿಗಳ ಎಂಟ್ರೊಪಿ (ಒಳಗಿನ ಅಸ್ತವ್ಯಸ್ತತೆಯ ಅಳತೆ) ಲೆಕ್ಕದಲ್ಲಿ ಈ ಸಿದ್ಧಾಂತ ಅದ್ಭುತವಾಗಿ ಗೆದ್ದಿದೆ, ಆದರೆ ಅದು ಪ್ರಯೋಗವಲ್ಲ.

ಒಂದು ಜಾಗ ಮಾತ್ರ ಇನ್ನೂ ಬಿಸಿಯಾಗಿದೆ. 2022ರಲ್ಲಿ ಮಿಗೆಲ್ ಮೊಂಟೆರೊ, ಕುಮ್ರುನ್ ವಫಾ, ಐರೀನ್ ವಾಲೆನ್ಸುವೆಲಾ ಸ್ಟ್ರಿಂಗ್ ಥಿಯರಿಯ ತರ್ಕದಿಂದಲೇ ಹೊರಟು, ಒಂದೇ ಒಂದು ಆಯಾಮ ಮೈಕ್ರಾನ್ ಅಳತೆಯಲ್ಲಿ ಇರಬಹುದು ಎಂದಿದ್ದಾರೆ. ಸಿಯಾಟಲ್‌ನ ಮಿತಿ 30, ಇವರ ಊಹೆ ಒಂದರಿಂದ ಹತ್ತರ ಆಸುಪಾಸು. ಅಲ್ಲಿಗೆ ಇಳಿಯುವುದು ಸುಲಭವಲ್ಲ. ಅಷ್ಟು ಹತ್ತಿರದಲ್ಲಿ ಒಂದು ಧೂಳಿನ ಕಣ ಸಿಕ್ಕಿಹಾಕಿಕೊಂಡರೂ ಕೆಲಸ ಕೆಟ್ಟಿತು, ಲೋಹದ ಮೇಲ್ಮೈಯ ಚೂರುಪಾರು ವಿದ್ಯುತ್ತೇ ಗುರುತ್ವವನ್ನು ಮುಳುಗಿಸಿಬಿಡುತ್ತದೆ. ಆದರೂ ಈ ಒಂದು ಆಯಾಮದ ವಿಷಯ ನಮ್ಮ ಕಾಲದಲ್ಲೇ ಇತ್ಯರ್ಥ ಆಗಬಹುದು ಅಂತ ನನಗನಿಸುತ್ತದೆ. ಉಳಿದವುಗಳ ಮೇಲೆ ನಾನು ಆಸೆ ಇಟ್ಟುಕೊಂಡಿಲ್ಲ.