ಸಿಂಹಗಡದ ಹಳದಿ ಹೂವು ಗುರೆಳ್ಳೇನಾ?

ಪ್ರಶ್ನೆ: ಮೇಡಂ, ನಮ್ಮದು ಧಾರವಾಡ ಕಡೆ, ಈಗ ಇರುವುದು ಪುಣೆಯಲ್ಲಿ. ಸೆಪ್ಟೆಂಬರ್ ಕೊನೆಗೆ ಸಿಂಹಗಡಕ್ಕೆ ಹೋಗಿದ್ದೆವು. ಮೇಲಿನ ಇಳಿಜಾರಿನ ತುಂಬ ಹಳದಿ ಹೂವು! ಗಿಡ ಮೊಣಕಾಲೆತ್ತರ, ಹೂವು ಪುಟ್ಟ ಸೇವಂತಿಗೆಯ ಹಾಗೆ, ನಡುವಿನ ಗುಂಡೂ ಹಳದಿಯೇ. ನಮ್ಮ ಅತ್ತೆ ನೋಡಿದ ಕೂಡಲೇ "ಗುರೆಳ್ಳು ಇದು" ಅಂದರು. ಮೊಬೈಲಿನ ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ. ನಾಲ್ಕು ಫೋಟೊ ಕಳಿಸಿದ್ದೇನೆ. ಗುರೆಳ್ಳೇ ಆದರೆ ಬೀಜ ತಂದು ಚಟ್ನಿಪುಡಿ ಮಾಡಬಹುದಾ?

ಉತ್ತರ: ಚಟ್ನಿಪುಡಿ ಮಾತ್ರ ಖಂಡಿತ ಬೇಡ. ಇದು ಗುರೆಳ್ಳಲ್ಲ, ಸೋನ್ಕಿ. ಮರಾಠಿಯವರ ಬಾಯಲ್ಲಿರುವ ಹೆಸರು ಇದೇ. ಮಳೆಗಾಲ ಮುಗಿಯುತ್ತಾ ಬಂದಂತೆ ಸಹ್ಯಾದ್ರಿಯ ಗುಡ್ಡಗಳಿಗೆ ಹಳದಿ ಬಳಿಯುವುದು ಹೆಚ್ಚಾಗಿ ಇದೇ ಗಿಡ. ಸಸ್ಯಶಾಸ್ತ್ರದ ಹೆಸರು ಸೆನೆಸಿಯೊ ಬಾಂಬೆಯೆನ್ಸಿಸ್, ಅಂದರೆ ಹೆಸರಿನಲ್ಲೇ ಬಾಂಬೆ ಇದೆ.

ಅತ್ತೆಯವರು ಸುಮ್ನೆ ಹೇಳಿದ್ದಲ್ಲ. ಎರಡೂ ಸೇವಂತಿಗೆಯ ಕುಟುಂಬದವೇ, ಹೂ ಬಿಡುವ ಕಾಲವೂ ಹತ್ತಿರ ಹತ್ತಿರ. ಈ ಕುಟುಂಬದಲ್ಲಿ ನಾವು ಎಸಳು ಅನ್ನುವ ಒಂದೊಂದೂ ನಿಜಕ್ಕೂ ಒಂದೊಂದು ಹೂವು, ನಡುವಿನ ಗುಂಡಿನಲ್ಲೂ ಹತ್ತಾರು ಪುಟ್ಟ ಹೂವುಗಳು ಒತ್ತಿಕೊಂಡಿರುತ್ತವೆ. ಹಾಗಾಗಿ ಮೇಲಿನಿಂದ ನೋಡಿದರೆ ಎಷ್ಟೋ ಗಿಡಗಳು ಒಂದೇ ಥರ ಕಾಣುತ್ತವೆ. ನಿಮ್ಮ ಮೂರು ಫೋಟೊಗಳು ಹೀಗೆ ಮೇಲಿನಿಂದ ತೆಗೆದವೇ, ಅವುಗಳಿಂದ ನನಗೂ ಗುರುತು ಸಿಗಲಿಲ್ಲ. ಪಕ್ಕದಿಂದ ತೆಗೆದ ನಾಲ್ಕನೆಯದು ಇಲ್ಲದಿದ್ದರೆ ಉತ್ತರ ಕೊಡುತ್ತಲೇ ಇರಲಿಲ್ಲ.

ಅದರಲ್ಲಿ ಹೂವಿನ ಬುಡ ನೋಡಿ. ಒಂದೇ ಅಳತೆಯ ಸಣ್ಣ ಹಸಿರು ಪಟ್ಟಿಗಳು ಒಂದೇ ಸಾಲಿನಲ್ಲಿ ನಿಂತು ಬಟ್ಟಲಿನ ಹಾಗೆ ಆಗಿವೆ, ಅಲ್ವಾ? ಗುರೆಳ್ಳಿನ ಹೂವನ್ನು ಹೊರಗಿನಿಂದ ಹಿಡಿದಿರುವುದು ಎಲೆಯಂಥ ಐದು ಅಗಲ ತುಂಡುಗಳು. ಇನ್ನು ಎಲೆ. ನಿಮ್ಮ ಗಿಡದಲ್ಲಿ ಒಂದು ಗೆಣ್ಣಿಗೆ ಒಂದೇ ಎಲೆ ಇದೆ, ಗುರೆಳ್ಳಿನಲ್ಲಿ ಕೆಳಗಿನ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಮೂಲೆಯಲ್ಲಿ ಬಾಡಿ ಬೆಳ್ಳಗಾದ ಆ ಒಂದು ಹೂವು. ಅಲ್ಲಿ ಬಿಳಿ ಕೂದಲಿನ ಕುಚ್ಚು ಕಾಣುತ್ತದೆ. ಗಾಳಿಗೆ ಹಾರಿಹೋಗಲು ಸೋನ್ಕಿಯ ಬೀಜಕ್ಕೆ ಆ ಕೂದಲು ಬೇಕು. ಗುರೆಳ್ಳಿನ ಕರಿ ಬೀಜ ನಿಮಗೆ ಗೊತ್ತೇ ಇದೆ, ನುಣ್ಣಗೆ ಹೊಳೆಯುತ್ತದೆ, ಕೂದಲೇ ಇಲ್ಲ. ಸೆನೆಸಿಯೊ ಅನ್ನುವ ಹೆಸರು ಬಂದದ್ದೂ ಲ್ಯಾಟಿನ್‌ನಲ್ಲಿ ಮುದುಕ ಅನ್ನುವ ಪದದಿಂದ, ಈ ಬಿಳಿ ಕೂದಲನ್ನು ನೋಡಿಯೇ.

ತಿನ್ನಬೇಡಿ ಅಂದದ್ದಕ್ಕೆ ಕಾರಣವಿದೆ. ಸೆನೆಸಿಯೊ ಗುಂಪಿನ ಅನೇಕ ಗಿಡಗಳಲ್ಲಿ ಯಕೃತ್ತು ಕೆಡಿಸುವ ವಿಷ ಇರುತ್ತದೆ, ಒಣಗಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ಮುಂದಿನ ಸಲ ಹೋದಾಗ ಗಿಡ ಕೀಳಬೇಡಿ. ಹೂವಿನ ಕೆಳಗಿನಿಂದ ಒಂದು, ಎಲೆ ಕಾಂಡಕ್ಕೆ ಸೇರುವಲ್ಲಿ ಒಂದು ಫೋಟೊ ತೆಗೆಯಿರಿ, ಸಾಕು. ಗುರೆಳ್ಳು ಬೇಕಾದರೆ ಪುಣೆಯ ಕಿರಾಣಿ ಅಂಗಡಿಯಲ್ಲಿ "ಕಾರಳೆ" ಅಂತ ಕೇಳಿ, ಕೊಡುತ್ತಾರೆ.